ಆರು ಬಾಗಿಲು ಆಚೆ

ಜನವರಿ 15, ಮಂಗಳವಾರ

ಬೆಳಿಗ್ಗೆ ಎರಡು ಮದುವೆ. ಒಂಬತ್ತಕ್ಕೆ ಒಂದು, ಒಂಬತ್ತು ಇಪ್ಪತ್ತಕ್ಕೆ ಇನ್ನೊಂದು. ಪುರಸಭೆ ಮಂಗಳವಾರ ಪುಕ್ಕಟೆ ಮಾಡಿಸುವ ಮದುವೆಗಳು — ಭಾಷಣ ಇಲ್ಲ, ಹೂವಿಲ್ಲ, ಹತ್ತು ನಿಮಿಷ. ಎರಡನೆಯ ಜೋಡಿ ಮಳೆಕೋಟಿನಲ್ಲೇ ನಿಂತಿತ್ತು. ಸಹಿ ಹಾಕಿ ಮುತ್ತಿಟ್ಟುಕೊಂಡು, ಅವನು ಮೆಟ್ರೋಗೆ ಓಡಿದ, ಅವಳು ಸೈಕಲ್ ಹತ್ತಿ ಎದುರು ದಿಕ್ಕಿಗೆ ಹೋದಳು. ಇಬ್ಬರಿಗೂ ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಇಬ್ಬರ 'ಹೌದು' ಚೆನ್ನಾಗಿತ್ತು. ಕೇಳಿದ ಕೂಡಲೇ ಗೊತ್ತಾಗುತ್ತದೆ. ನೋಂದಣಿ ಅಧಿಕಾರಿಯಾಗಿ ಇಪ್ಪತ್ತೆರಡು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ.

ಕಾಫಿ ಹೊತ್ತಿಗೆ ರೂಬೆನ್ ಬಂದ. ಪುರಸಭೆಯ ಕಾರ್ಯದರ್ಶಿ. ಮೂವತ್ತನಾಲ್ಕು ವಯಸ್ಸು, ಗರಿಗರಿ ಅಂಗಿ. ಮೇಯರ್ ದೊಡ್ಡ ಊರಿಗೆ ಹೊರಟುಹೋದರಲ್ಲ, ಹೊಸಬರಿಂದ ಅರ್ಜಿ ಕರೆಯಬೇಕು. ಅದಕ್ಕೆ ಮೊದಲು ಲಾಗೆವೇನ್ ಎಂಥ ಊರು ಅಂತ ಒಂದು ಪರಿಚಯ ಬರೆಯಬೇಕಂತೆ. ನಾನೇ ಬರೆಯಬೇಕಂತೆ. ಇಲ್ಲೇ ಹುಟ್ಟಿದವಳು, ಆಫೀಸಿನಲ್ಲಿ ಎಲ್ಲರಿಗಿಂತ ಹಳಬಳು ಅಂತ ಕಾರಣ.

"ಎರಡೇ ಪುಟ, ನೆಲ್ಲೆಕೆ. ಕಥೆ ಗಿಥೆ ಬೇಡ. ಓದಿದವರಿಗೆ ಊರು ಕಣ್ಣಿಗೆ ಕಟ್ಟಬೇಕು, ಅಷ್ಟೇ."

ಕಥೆ ಇಲ್ಲದೆ ಕಣ್ಣಿಗೆ ಹೇಗೆ ಕಟ್ಟುತ್ತದೋ, ಅವನಿಗೇ ಗೊತ್ತು.

ಜನವರಿ 17, ಗುರುವಾರ. ಸಂಜೆ

ಊರಿನ ಪರಿಚಯಕ್ಕೆ ಕೂತೆ. ಮೂವತ್ತೊಂದು ಸಾವಿರ ಜನ. ಸಮುದ್ರಮಟ್ಟಕ್ಕಿಂತ ಐದು ಮೀಟರ್ ಕೆಳಗೆ. ನದಿಯ ಏರಿ, ಏರಿಯ ಮೇಲೆ ಹಳೇ ಮನೆಗಳು, ಇಗರ್ಜಿ. ಕೆಳಗೆ ಅರವತ್ತರ ದಶಕದ ಫ್ಲಾಟುಗಳು, ಅವುಗಳಾಚೆ ಹುಲ್ಲುಗಾವಲು, ಉಳಿದಿರುವ ಒಂದೇ ದನದ ಕೊಟ್ಟಿಗೆ. ಕೊನೇ ಮೆಟ್ರೋ ನಿಲ್ದಾಣ. ಕೊಳೆತ ಹುಲ್ಲಿನ ನೆಲ — ವರ್ಷಕ್ಕೆ ಒಂದು ಸೆಂಟಿಮೀಟರ್ ಕುಸಿಯುತ್ತದೆ. ಎಲ್ಲರೂ ತೋಟಕ್ಕೆ ಮಣ್ಣು ಸುರಿಯುತ್ತಲೇ ಇರುತ್ತೇವೆ.

ಇಷ್ಟು ಬರೆದು ನಿಲ್ಲಿಸಿದೆ. ಇಂಥ ಊರು ರೋಟರ್‌ಡ್ಯಾಮಿನ ಸುತ್ತ ಇನ್ನೂ ಹತ್ತಿವೆ. ರಜೆಗೆ ಹೋದಾಗ ಯಾರಾದರೂ ಕೇಳಿದರೆ "ರೋಟರ್‌ಡ್ಯಾಮ್ ಹತ್ತಿರ" ಅನ್ನುತ್ತೇವೆ. ಯಾರಾದರೂ "ಓ, ರೋಟರ್‌ಡ್ಯಾಮಾ?" ಅಂದರೆ ಮುಖ ಗಂಟು ಹಾಕುತ್ತೇವೆ. ಇದನ್ನು ರೂಬೆನ್‌ಗೆ ಹೇಗೆ ಬರೆದುಕೊಡಲಿ?

ಬಟಾಣಿ ಸೂಪು ತಳ ಹಿಡಿಯಿತು.

ಜನವರಿ 22, ಮಂಗಳವಾರ

ಇವತ್ತಿನದು ಬರೆದಿಡಬೇಕು.

ಹನ್ನೊಂದಕ್ಕೆ ಮೂರನೇ ಕೌಂಟರಿಗೆ ಇಬ್ಬರು ಬಂದರು. ಯೋಪಿ ಕ್ರಾಮರ್, ಎಂಬತ್ತೊಂದು. ಆರೆಂಡ್ ಕೋಯ್‌ಮಾನ್, ಎಂಬತ್ತಮೂರು. ಯೋಪಿಯನ್ನು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ — ಅಂಗಡಿ ಸಾಲಿನಲ್ಲಿ ನಲವತ್ತು ವರ್ಷ ಸಲೂನ್ ನಡೆಸಿದವರು. ನನ್ನ ಮದುವೆಗೂ ಅವರೇ ತಲೆ ಸಿಂಗಾರ ಮಾಡಿದ್ದರು. ಮದುವೆ ಉಳಿಯಲಿಲ್ಲ, ಸಿಂಗಾರದ ತಪ್ಪಲ್ಲ. ಆರೆಂಡ್ ಮೆಟ್ರೋ ಓಡಿಸುತ್ತಿದ್ದವರು. ಮಾತು ಕಡಿಮೆ. ಯೋಪಿಯ ಕೈಚೀಲ ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ನಿಂತಿದ್ದರು.

"ಮದುವೆಗೆ ಹೆಸರು ಬರೆಸ್ಬೇಕು ಕಣಮ್ಮ," ಅಂದರು ಯೋಪಿ. "ಮೂವತ್ತೊಂದು ವರ್ಷ ಆಯ್ತು ನಮ್ಮ ಸ್ನೇಹಕ್ಕೆ. ಯಾಕೆ ಇಷ್ಟು ದಿನ ಮದ್ವೆ ಆಗ್ಲಿಲ್ಲ ಅಂದ್ರೆ ಈ ಮನುಷ್ಯ ಬಾಯೇ ಬಿಡಲ್ಲ."

ಆರೆಂಡ್ ಕಿವಿವರೆಗೂ ಕೆಂಪಾದರು.

ಸಂತೋಷವಾಯಿತು. ನಿಜವಾಗಿ. ಫಾರಂ ತೆಗೆದೆ, ಗುರುತಿನ ಚೀಟಿ ತಗೊಂಡೆ. ಮಾರ್ಚ್ ಹನ್ನೆರಡು, ಮಂಗಳವಾರ, ಒಂಬತ್ತು ಗಂಟೆ ಅಂತ ನಿಗದಿಯಾಯಿತು. ಪ್ರಿಂಟ್ ಆಗುತ್ತಿರುವಾಗ ಯೋಪಿ ಸುತ್ತ ನೋಡಿದರು. ನಗುತ್ತಲೇ ಕೇಳಿದರು, ಪಾಸ್‌ಪೋರ್ಟ್ ಯಾವಾಗ ಸಿಗುತ್ತೆ ಅಂತ. ಮದುವೆಗೆ ಬಂದಿದ್ದೀವಿ ಅಂತ ಆರೆಂಡ್ ಮೆಲ್ಲಗೆ ಹೇಳಿದರು. "ಹೌದಲ್ಲ" ಅಂದರು ಯೋಪಿ. ಐದು ನಿಮಿಷ ಬಿಟ್ಟು ಮತ್ತೆ ಪಾಸ್‌ಪೋರ್ಟ್ ಕೇಳಿದರು.

ಮೊಹರು ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಹೊಡೆದೆ. ಹೆಸರು ಬರೆಸುವುದಕ್ಕೆ ಅಡ್ಡಿಯಿಲ್ಲ. ಮದುವೆ ಮಾಡಿಸುವುದು ಬೇರೆ. ತಾನು ಏನು ಒಪ್ಪುತ್ತಿದ್ದೇನೆ ಅಂತ ಒಪ್ಪುವವರಿಗೆ ತಿಳಿದಿರಬೇಕು. ಸಂಶಯ ಬಂದರೆ ನಿಲ್ಲಿಸಬೇಕಾದವಳು ನಾನು. ಕಾನೂನು ಹಾಗೆ ಹೇಳುತ್ತದೆ.

ಜನವರಿ 23, ಬುಧವಾರ

ಊಟದ ಬಿಡುವಿನಲ್ಲಿ ಮೀನಿನ ಗಾಡಿ ಹತ್ತಿರ ಆರೆಂಡ್ ಕಾಯುತ್ತಿದ್ದರು. ಒಬ್ಬರೇ. ಟೋಪಿ ಕೈಯಲ್ಲಿ. ಕಾಲುವೆ ಪಕ್ಕದ ಬೆಂಚಿನಲ್ಲಿ ಕೂತೆವು. ಗಾಡಿಯ ಕೊಕ್ಕರೆ ಎಂದಿನಂತೆ ನಮ್ಮ ಹೆರಿಂಗ್ ಮೀನಿನ ಮೇಲೇ ಕಣ್ಣಿಟ್ಟು ನಿಂತಿತ್ತು.

ಅವರು ಹೇಳಿದ್ದು ಇಷ್ಟು. ಇಬ್ಬರದೂ ಒಂದೇ ಕಟ್ಟಡ, ಒಂದೇ ಮಹಡಿ. ಯೋಪಿಯದು 214, ಇವರದು 220. ಆರು ಬಾಗಿಲು ಆಚೆ. ಮೂವತ್ತೊಂದು ವರ್ಷದಿಂದ ದಿನಾ ಸಂಜೆ ಐದೂವರೆಗೆ ಇವರು ಚಪ್ಪಲಿ ಮೆಟ್ಟಿಕೊಂಡು ಆರು ಬಾಗಿಲು ನಡೆದು ಹೋಗುತ್ತಾರೆ. ಒಟ್ಟಿಗೆ ಊಟ, ಎಂಟರ ವಾರ್ತೆ, ಆಮೇಲೆ ವಾಪಸ್ಸು. ಪ್ರತಿ ವರ್ಷ ವಸಂತ ಶುರುವಾಗುವ ದಿನ ಮದುವೆಯಾಗೋಣವೇ ಅಂತ ಕೇಳುತ್ತಾರೆ. ಪ್ರತಿ ವರ್ಷ ಆಕೆ ಬೇಡ ಅನ್ನುತ್ತಾರೆ. ಮೊದಲ ಮದುವೆ ಅಷ್ಟು ಕೆಟ್ಟದ್ದು.

ನವೆಂಬರಿನಲ್ಲಿ ಯೋಪಿ ಬಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದರಂತೆ, ಇವರು ನಿಮಗೆ ಏನಾಗಬೇಕು ಅಂತ. ಯೋಪಿ ಇವರ ಮುಖ ನೋಡಿ ನೋಡಿ, "ಪಕ್ಕದ ಮನೆಯವರು" ಅಂದರಂತೆ. ಪಕ್ಕದ ಮನೆಯವರನ್ನು ಹೊರಗೆ ಕೂರಿಸಿದರು. ಯಾರದೂ ತಪ್ಪಲ್ಲ ಅನ್ನುತ್ತಾರೆ ಆರೆಂಡ್. ಆದರೆ ನಾಲ್ಕು ಗಂಟೆ ಹೊರಗೆ ಕೂತಿದ್ದರು.

ಡಿಸೆಂಬರ್ ಐದರ ಸಂಜೆ, ಸಂತ ನಿಕೋಲಾಸನ ಹಬ್ಬದ ಉಡುಗೊರೆ ಬಿಚ್ಚುವಾಗ, ಯೋಪಿಯೇ ಕೇಳಿದರಂತೆ: ನಾವು ಯಾಕೆ ಮದುವೆಯಾಗಿಲ್ಲ?

"ಬೇಡ ಅನ್ನೋಕೆ ಇದ್ದ ಕಾರಣಾನೇ ಅವಳಿಗೆ ಮರೆತುಹೋಗಿದೆ ಮೇಡಂ," ಅಂದರು. "ನಂಗೆ ಆಸೆ ಇದೆ. ಬಹಳ ಆಸೆ ಇದೆ. ಅದಕ್ಕೇ ಭಯ. ಕಳ್ಳತನ ಮಾಡ್ತಾ ಇದ್ದೀನೇನೋ ಅನ್ಸುತ್ತೆ."

ಮೀನಿನ ಬಾಲವನ್ನು ಕೊಕ್ಕರೆಗೆ ಎಸೆದೆ.

ಜನವರಿ 28, ಸೋಮವಾರ

ಯೋಪಿಯ ಮಗಳಿಂದ ಪತ್ರ. ಲೀಸ್‌ಬೆತ್. ರೋಟರ್‌ಡ್ಯಾಮಿನಲ್ಲಿ ಶಾಲೆಯ ಟೀಚರ್. ಕೈಬರಹ ಅಚ್ಚುಕಟ್ಟು, ಮಾತು ಅಷ್ಟೇ ಖಡಕ್ಕು. ತಾಯಿ ಮೂವತ್ತು ವರ್ಷ ಬುದ್ಧಿ ನೆಟ್ಟಗಿದ್ದಾಗ ಬೇಡ ಅಂದದ್ದನ್ನು, ಬುದ್ಧಿ ಮಂಕಾದಾಗ ಹೌದು ಅನ್ನಿಸಿದರೆ ಅದು ಒಪ್ಪಿಗೆಯೇ? ಆರೆಂಡ್ ಒಳ್ಳೆಯವರು, ಅದು ಗೊತ್ತು. ಆದರೆ ತಾಯಿಯ ಪರವಾಗಿ ಕೇಳುವವರು ಯಾರು?

ಎರಡು ಸಲ ಓದಿದೆ. ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ಅವಳು ಬರೆದದ್ದರಲ್ಲಿ ಸುಳ್ಳಿಲ್ಲ.

ಹತ್ತು ವರ್ಷದ ಹಿಂದೆ ಮದುವೆಗೆ ನಿಂತಿದ್ದ ಒಬ್ಬ ಹುಡುಗಿ ನೆನಪಾದಳು. ಹೌದು ಅನ್ನುವ ಮೊದಲು ಅಪ್ಪನ ಕಡೆ ನೋಡಿದ್ದಳು. ನಾನು ಕಂಡೆ. ಕಂಡೂ ಮುಂದಿನ ಸಾಲು ಓದಿದೆ — ಹೊರಗೆ ಇನ್ನೊಂದು ಜೋಡಿ ಕಾಯುತ್ತಿತ್ತು. ಅರ್ಧ ವರ್ಷಕ್ಕೆ ಅದೇ ಹುಡುಗಿ ಮೂರನೇ ಕೌಂಟರಿಗೆ ಬಂದಳು. ತನ್ನ ಹೊಸ ವಿಳಾಸ ಯಾರಿಗೂ ಕೊಡಬಾರದು ಅಂತ ಅರ್ಜಿ ಹಾಕಲು. ನನ್ನ ಗುರುತು ಹಿಡಿದಳು.

ಆವತ್ತಿನಿಂದ ನಾನು ಮುಂದಿನ ಸಾಲು ಅವಸರದಲ್ಲಿ ಓದುವುದಿಲ್ಲ.

ಫೆಬ್ರವರಿ 5, ಮಂಗಳವಾರ

ಮಧ್ಯಾಹ್ನ 214ಕ್ಕೆ ಹೋದೆ. ಎದುರುಗಾಳಿ. ಸೈಕಲ್ ತಳ್ಳಿಕೊಂಡೇ ಹೋದೆ.

ಬಾಗಿಲ ಮೇಲೆ ಹಿತ್ತಾಳೆಯ ಫಲಕ: ಯೋ. ಕ್ರಾಮರ್. ಫಳಫಳ ಉಜ್ಜಿದ್ದು. ಯೋಪಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತು ಕೂದಲಿಗೆ ಕೈ ಹಾಕಿದರು. ತುದಿ ಸೀಳಿದೆ, ಯಾವಳು ಕತ್ತರಿಸಿದ್ದು ಅಂತ ಬೈದರು. ಮದುವೆ ಮಾತೆತ್ತಿದೆ. "ಯಾರ ಮದುವೆ?" ಅಂದರು. ಇನ್ನೊಮ್ಮೆ ಎತ್ತಿದೆ. ಕಿಟಕಿ ಕಡೆ ನೋಡಿದರು.

ಟಾಯ್ಲೆಟ್ಟಿನ ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಹೆಸರುಗಳ ಮುಂದೆ ಹೊಸ ಅಕ್ಷರದಲ್ಲಿ ಟಿಪ್ಪಣಿ. 'ತಂಗಿ, ತೀರಿಹೋದಳು.' 'ಮೊಮ್ಮಗ, ಗಡ್ಡ ಇದೆ.' ಆರೆಂಡ್ ಹೆಸರಿನ ಮುಂದೆ: 'ಐದೂವರೆಗೆ ಬರ್ತಾನೆ.' ಯೋಪಿಯದೇ ಕೈಬರಹ.

ಮನೆಗೆ ಬಂದು ಫೈಲಿನಲ್ಲಿ ಬರೆದೆ: ಇವತ್ತು ಇಲ್ಲ.

ಫೆಬ್ರವರಿ 12, ಮಂಗಳವಾರ

ಯೋಪಿಯ ಡಾಕ್ಟರ್ ಹೇಳಿದ ಹಾಗೆ ಬೆಳಿಗ್ಗೆ ಹೋದೆ. ಬೆಳಿಗ್ಗೆ ಚುರುಕಾಗಿರುತ್ತಾರಂತೆ. ಹೌದು. ಬೇರೆ ಹೆಂಗಸೇ. ಕಾಫಿ ಕೊಟ್ಟರು, ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿದರು. ನಾನು ಯಾಕೆ ಬಂದಿದ್ದೇನೆ ಅಂತ ಅವರೇ ಹೇಳಿದರು — ತಲೆ ಸರಿಯಿದೆಯೋ ಇಲ್ಲವೋ ನೋಡಲು.

ಊರಿನ ಪರಿಚಯ ಬರೆಯುತ್ತಿರುವುದನ್ನು ಹೇಳಿದೆ. ನಕ್ಕರು. ಎಪ್ಪತ್ತರ ದಶಕದಲ್ಲಿ ಲಾಗೆವೇನನ್ನು ರೋಟರ್‌ಡ್ಯಾಮಿಗೆ ಸೇರಿಸಬೇಕೆಂದು ಹೊರಟಾಗ ಸಲೂನಿನ ಕಿಟಕಿ ತುಂಬ ಭಿತ್ತಿಪತ್ರ ಅಂಟಿಸಿದವರು ಯೋಪಿ. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕೂತವರಿಂದ ಸಹಿ ಹಾಕಿಸಿದರಂತೆ. ಎದ್ದು ಓಡುವ ಹಾಗಿರಲಿಲ್ಲ.

"ರೋಟರ್‌ಡ್ಯಾಮ್ ಮೇಲೆ ನಂಗೇನು ದ್ವೇಷಾನಾ?" ಅಂದರು. "ವಾರಕ್ಕೆ ಮೂರು ಸಲ ಹೋಗ್ತಿದ್ದೆ. ಪಕ್ಕದಲ್ಲಿ ಇರೋಣ, ಹೋಗಿ ಬಂದು ಮಾಡೋಣ. ಬಾಗಿಲ ಮೇಲೆ ಹೆಸರು ಮಾತ್ರ ನಮ್ದೇ ಇರ್ಲಿ."

ಹಾಗಾದರೆ ಮದುವೆ ಯಾಕೆ ಅಂತ ಕೇಳಿದೆ. ಕೇಳಲೇಬೇಕಿತ್ತು. ತುಂಬ ಹೊತ್ತು ಚಮಚ ಆಡಿಸಿದರು. ಆಮೇಲೆ ಅವರು ಅಂದದ್ದನ್ನು ಏರಿಯ ಮೇಲೆ ಸೈಕಲ್ ನಿಲ್ಲಿಸಿ ರಸೀತಿಯ ಹಿಂದೆ ಬರೆದುಕೊಂಡೆ.

"ನೋಡು ಹುಡುಗಿ, ನಾನು ಮರೀತೀನಿ ಅಂತ ನಂಗೆ ಗೊತ್ತು. ಆ ಮೊದಲನೇ ಗಂಡನ ಮುಖ ಮರೆತುಹೋಗಿದೆ. ಮುಂಚೆ ದಿನಾ ಬರ್ತಿತ್ತು. ಈಗ ಅವನ ಬೂಟಿನ ಸದ್ದು ಮಾತ್ರ ಉಳ್ದಿದೆ, ಅದೂ ಹೋಗುತ್ತೆ. ಎಷ್ಟೊಂದು ಕಳ್ಕೊಳ್ತಾ ಇದ್ದೀನಿ. ಅದ್ರ ಜೊತೆ ಭಯಾನೂ ಹೋದ್ರೆ ಅದೊಂದು ಲಾಭ ನಂಗಿರ್ಲಿ ಬಿಡು. ಆರೆಂಡ್ ಕೇಳಿ ಕೇಳಿ ಮುದುಕ ಆದ."

ಬಾಗಿಲವರೆಗೂ ಬಂದರು. ಕೈ ಕುಲುಕಿ, ನಿನ್ನ ಮದುವೆ ಯಾವತ್ತು, ಹಿಂದಿನ ದಿನವೇ ಬಂದು ತಲೆ ತೊಳೆಸಿಕೊಂಡು ಹೋಗು ಅಂದರು.

ಫೈಲಿನಲ್ಲಿ: ಇವತ್ತು ಹೌದು. ಪೂರ್ತಿ ಹೌದು.

ಫೆಬ್ರವರಿ 15, ಶುಕ್ರವಾರ

ಲೀಸ್‌ಬೆತ್ ಆಫೀಸಿಗೆ ಬಂದಿದ್ದಳು. ಐವತ್ತೈದು ಇರಬೇಕು. ಯೋಪಿಯದೇ ಗಲ್ಲ. ಜಗಳಕ್ಕೆ ತಯಾರಾಗಿದ್ದೆ. ಅವಳು ಕೋಟು ಕಳಚದೆ ಕೂತು, ತಾಯಿ ನನಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಬೂಟಿನ ಸದ್ದಿನ ಮಾತು ಬಂದಾಗ ಕಣ್ಣು ಮುಚ್ಚಿದಳು. ಆ ಸದ್ದು ಅವಳಿಗೂ ಗೊತ್ತು.

ಸಲೂನು ತಾಯಿಯದು, ಬೋರ್ಡು ಅಪ್ಪನ ಹೆಸರಿನದು ಅಂದಳು. ತಾಯಿ ಹೊರಗೆ ಹೋಗಲು ಅವನನ್ನು ಕೇಳಬೇಕು, ಗೆಳತಿಯನ್ನು ಕರೆಯಲು ಕೇಳಬೇಕು. ಕೊನೆಗೆ ಅವನನ್ನು ಬಿಟ್ಟು ಬಂದ ವಾರವೇ ಯೋಪಿ ಏಣಿ ಹತ್ತಿ ಬೋರ್ಡಿಗೆ ಸುಣ್ಣದಂಥ ಬಿಳಿ ಬಣ್ಣ ಬಳಿದು ತನ್ನ ಹೆಸರು ಬರೆದರು. ಏಣಿ ಹಿಡಿದುಕೊಂಡವಳು ಲೀಸ್‌ಬೆತ್.

"ಅಮ್ಮನಿಗೆ ಅಂತ ಇದ್ದದ್ದು ಆ 'ಬೇಡ' ಒಂದೇ," ಅಂದಳು. "ಅದನ್ನ ಅವಳೇ ಮರೆತ್ರೆ ಕಾಯೋರು ಯಾರು? ನಾನೇ ಕಾಯ್ಬೇಕಲ್ವಾ?"

ಕಾಫಿ ತಂದುಕೊಟ್ಟೆ. ಕುಡಿದಳು. ಹೋಗುವಾಗ, ಅಮ್ಮ ಮದುವೆ ದಿನ ಏನು ಹಾಕಿಕೊಳ್ಳುತ್ತಾಳಂತೆ ಅಂತ ಕೇಳಿದಳು.

ಮಾರ್ಚ್ 4, ಸೋಮವಾರ

ಎರಡು ವಾರ ಏನೂ ಬರೆದಿಲ್ಲ. ಜ್ವರ. ಆಮೇಲೆ ಜ್ವರದ ನೆಪ.

ಮೂರನೇ ಸಲ 214ಕ್ಕೆ ಹೋಗಿದ್ದೆ. ಅರ್ಧ ಗಂಟೆ ಎಲ್ಲ ಸರಿ, ಆಮೇಲೆ ಮಂಜು. ಡಾಕ್ಟರ್ ಪತ್ರವೂ ಹಾಗೇ — ಬರುತ್ತದೆ, ಹೋಗುತ್ತದೆ. ನಿರ್ಧಾರ ನನಗೇ ಬಿಟ್ಟರು.

ನಿರ್ಧರಿಸಿದೆ. ಮದುವೆ ಇಡುತ್ತೇನೆ. ಆದರೆ ಆ ದಿನ, ಆ ಗಳಿಗೆಯಲ್ಲಿ, ಎದುರು ನಿಂತವರು ಯಾರು, ಕೇಳುತ್ತಿರುವುದು ಏನು ಅಂತ ಯೋಪಿಗೆ ತಿಳಿದಿರಬೇಕು. ಇಲ್ಲದಿದ್ದರೆ ನಿಲ್ಲಿಸುತ್ತೇನೆ. ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ಲೀಸ್‌ಬೆತ್ ಬರುತ್ತೇನೆ, ಸಾಕ್ಷಿ ಸಹಿ ಮಾತ್ರ ಹಾಕಲಾರೆ ಅಂದಳು. ಆರೆಂಡ್ "ಸರಿ" ಅಂದರು. ಹಿನ್ನೆಲೆಯಲ್ಲಿ ಅವರ ಗಡಿಯಾರ ಕೇಳಿಸುತ್ತಿತ್ತು.

ಊರಿನ ಪರಿಚಯ ಕೊಟ್ಟೆ. 'ದೊಡ್ಡ ನಗರದ ಪಕ್ಕದಲ್ಲೇ ಬದುಕುವ, ದಿನವೂ ಹೋಗಿ ಬರುವ, ಬಾಗಿಲ ಮೇಲೆ ಮಾತ್ರ ತನ್ನದೇ ಹೆಸರು ಇಟ್ಟುಕೊಂಡ ಊರು' ಅಂತ ಒಂದು ಸಾಲು ಸೇರಿಸಿದ್ದೆ. ರೂಬೆನ್ ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಇದು ಯಾವ ವರದಿಯಿಂದ ಅಂತ ಕೇಳಿದ. ಸಲೂನಿನಿಂದ ಅಂದೆ. ಗೆರೆ ಅಳಿಸಲಿಲ್ಲ, ಸಾಲನ್ನೂ ಹೊಡೆದುಹಾಕಲಿಲ್ಲ.

ಮಾರ್ಚ್ 12, ಮಂಗಳವಾರ

ಎಂಟೂವರೆಗೇ ಬಂದರು. ಬಿಸಿಲು, ಚಳಿ. ಯೋಪಿಯದು ನೀಲಿ ಸ್ಕರ್ಟು, ಬಿಳಿ ಅಂಗಿ, ಹೊಸದಾಗಿ ಸುರುಳಿ ಹಾಕಿದ ಕೂದಲು. ಸುರುಳಿ ಹಾಕಿದವಳು ಲೀಸ್‌ಬೆತ್. ಬೆಳಿಗ್ಗೆ ಆರಕ್ಕೇ ಬಂದಿದ್ದಳಂತೆ. ಆರೆಂಡ್ ಮೆಟ್ರೋದವರ ಹಳೇ ಟೈ ಕಟ್ಟಿದ್ದರು. 215ರ ರಾಮ್‌ದಿನ್ ಆಂಟಿ ಒಬ್ಬ ಸಾಕ್ಷಿ. ಸುರಿನಾಮಿನಿಂದ ಬಂದು ನಲವತ್ತು ವರ್ಷ ಯೋಪಿಯ ಪಕ್ಕದ ಮನೆಯಲ್ಲಿದ್ದವರು, ತೆಂಗಿನ ಕೇಕು ಮಾಡಿ ತಂದಿದ್ದರು. ಇನ್ನೊಂದು ಸಾಕ್ಷಿಗೆ ರೂಬೆನ್‌ನನ್ನು ಎಳೆದುಕೊಂಡು ಬಂದೆ.

ಒಳಗೆ ಹೋಗುವ ಮೊದಲು ಯೋಪಿಯ ಪಕ್ಕ ಕೂತು ಕೇಳಿದೆ: ಇವತ್ತು ಏನು? "ಮದುವೆ" ಅಂದರು. ಯಾರದು? "ನಂದೇ ಅಲ್ವಾ, ಇಷ್ಟು ಬಿಗಿ ಶೂ ಇನ್ಯಾರ ಮದುವೆಗೆ ಹಾಕ್ಕೊಳ್ಲಿ?" ಆರೆಂಡ್ ಮುಖ ಅರಳಿತು. ನನ್ನ ಎದೆಯೂ ಹಗುರಾಯಿತು. ಶುರು ಮಾಡಿದೆ.

ಮೊದಲು ಆರೆಂಡ್‌ರನ್ನು ಕೇಳಿದೆ. ಮೂವತ್ತೊಂದು ವರ್ಷ ತಾವು ಕೇಳಿದವರು, ಇವತ್ತು ಉತ್ತರ ಕೊಡಬೇಕಾಯಿತು. ಮೆಲ್ಲಗೆ ಹೌದು ಅಂದರು. ಹಿಂದಿನ ಸಾಲಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

ಆಮೇಲೆ ಯೋಪಿಯ ಕಡೆ ತಿರುಗಿದೆ. ಪೂರ್ತಿ ಹೆಸರು ಹೇಳಿ, ನಿಧಾನವಾಗಿ, ಒಂದೊಂದೇ ಮಾತು. ಆರೆಂಡ್ ಕೋಯ್‌ಮಾನ್ ಅವರನ್ನು ಗಂಡನಾಗಿ ಸ್ವೀಕರಿಸಲು ಒಪ್ಪುತ್ತೀರಾ?

ಯೋಪಿ ಆರೆಂಡ್ ಕಡೆ ನೋಡಿದರು. ಬಹಳ ಹೊತ್ತು. ನಾನು ಅವಸರ ಮಾಡಲಿಲ್ಲ. ರೂಬೆನ್ ಕಾಲು ಬದಲಿಸಿದ. ಯೋಪಿಯ ಮುಖದಲ್ಲಿ ಏನೋ ಗಟ್ಟಿಯಾಯಿತು. ಕಣ್ಣು ಚೂಪಾಯಿತು — ಸಲೂನಿನ ಕನ್ನಡಿಯಲ್ಲಿ ನೋಡುತ್ತಿದ್ದರಲ್ಲ, ಅದೇ ಕಣ್ಣು.

"ಮತ್ತೆ ಶುರು ಹಚ್ಚಿದ್ಯಾ ಆರೆಂಡ್?" ಅಂದರು. ಬೈಗುಳವಲ್ಲ, ಅಷ್ಟು ಮೃದು. "ವಸಂತ ಬಂತು ಅಂದ್ರೆ ಸಾಕು ನಿಂಗೆ. ಬೇಡ ಅಂತ ಎಷ್ಟು ಸಲ ಹೇಳ್ಲಿ? ನನ್ನ ಬಾಗ್ಲು ನಂಗಿರ್ಲಿ, ನಿನ್ನ ಬಾಗ್ಲು ನಿಂಗಿರ್ಲಿ. ಐದೂವರೆಗೆ ಬಾ. ಆಲೂಗಡ್ಡೆ ನಿನ್ನೇನೇ ಸುಲ್ದಿಟ್ಟಿದ್ದೀನಿ."

ಇನ್ನೊಮ್ಮೆ ಕೇಳಬಹುದಿತ್ತು. ಐದು ನಿಮಿಷ ಬಿಟ್ಟು ಕೇಳಿದ್ದರೆ ಹೌದು ಅನ್ನುತ್ತಿದ್ದರೇನೋ. ಅದು ನನಗೂ ಗೊತ್ತಿತ್ತು, ಆರೆಂಡ್‌ಗೂ ಗೊತ್ತಿತ್ತು. ಕೇಳಲೇ ಅನ್ನುವ ಹಾಗೆ ಅವರ ಕಡೆ ನೋಡಿದೆ.

ಅವರು ನಗುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನಗುತ್ತಿದ್ದರು. ಈ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಸಾಕು ಮೇಡಂ, ಕೇಳ್ಬೇಡಿ," ಅಂದರು. "ಇದು ಅವಳೇ. ಎಷ್ಟು ದಿನ ಆಗಿತ್ತು ಇವಳನ್ನ ನೋಡಿ."

ಪುಸ್ತಕ ಮುಚ್ಚಿದೆ. ಮದುವೆ ನಡೆಯಲಿಲ್ಲ ಅಂತ ಘೋಷಿಸಿದೆ — ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಲೀಸ್‌ಬೆತ್ ಹಿಂದಿನ ಸಾಲಿನಿಂದ ಎದ್ದು ಬಂದಳು. ತಾಯಿಯ ಹತ್ತಿರ ಹೋಗುತ್ತಾಳೆ ಅಂದುಕೊಂಡೆ. ನೇರ ಆರೆಂಡ್ ಹತ್ತಿರ ಹೋಗಿ ಅವರ ಕೋಟಿನಲ್ಲಿ ಮುಖ ಹುದುಗಿಸಿದಳು. ಅವರಿಗೆ ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಕೊನೆಗೆ ಅವಳ ತಲೆಯ ಮೇಲೆ ಇಟ್ಟರು.

ಕೇಕು ಬಂದಾಗಿತ್ತು, ತಿಂದೆವು. ಎರಡನೇ ತುಂಡಿನ ಹೊತ್ತಿಗೆ ಯೋಪಿ ಸುತ್ತ ಕಣ್ಣಾಡಿಸಿದರು. ಮದುವೆ ಮನೆ ಹಾಗಿದೆ, ಹೆಣ್ಣು ಬರಲಿಲ್ಲವಾ ಅಂತ ಕೇಳಿದರು.

"ಬಂದಿದ್ಲು," ಅಂದರು ಆರೆಂಡ್. "ಬೇಡ ಅಂದ್ಲು."

"ಜಾಣೆ," ಅಂದರು ಯೋಪಿ. ಕೇಕು ಇನ್ನೊಂದು ಚೂರು ಹಾಕಿಸಿಕೊಂಡರು.

ಮಾರ್ಚ್ 14, ಗುರುವಾರ

ಲೀಸ್‌ಬೆತ್ ಮತ್ತೆ ಬಂದಿದ್ದಳು. ಆಸ್ಪತ್ರೆಯ ಫಾರಂ ಹಿಡಿದುಕೊಂಡು. ತುರ್ತಿಗೆ ಮೊದಲು ಯಾರಿಗೆ ಹೇಳಬೇಕು ಅನ್ನುವ ಜಾಗದಲ್ಲಿ ತನ್ನ ಹೆಸರು ಹೊಡೆದುಹಾಕಿ ಆರೆಂಡ್ ಹೆಸರು ಬರೆದಿದ್ದಳು. ನಿನ್ನೆ ಬೆಳಿಗ್ಗೆ ತಾಯಿಗೆ ಓದಿ ಹೇಳಿ ಸಹಿಯನ್ನೂ ಹಾಕಿಸಿದ್ದಳು. ಪಕ್ಕದ ಖಾನೆಯಲ್ಲಿ 'ಸಂಬಂಧ'. ಅಲ್ಲಿ ಏನು ಬರೆಯಬೇಕು ಅಂತ ನನ್ನನ್ನು ಕೇಳಿದಳು. ನೋಂದಣಿ ಮಾಡುವವರು, ನಿಮಗೆ ಗೊತ್ತಿರಬೇಕಲ್ಲ ಅಂತ.

ಇಬ್ಬರೂ ಯೋಚಿಸಿದೆವು. ಗಂಡ ಅಲ್ಲ. ಸಂಗಾತಿ ಅಂದರೆ ಯೋಪಿ ಮೂಗು ಮುರಿಯುತ್ತಾರೆ. ಪಕ್ಕದ ಮನೆಯವರು ಅಂತೂ ಇನ್ನು ಮುಂದೆ ಆಗದು. ಕೊನೆಗೆ ಲೀಸ್‌ಬೆತ್ 'ನಮ್ಮವರು' ಅಂತ ಬರೆದಳು. ಒಂದೇ ಪದ. ಮೊಹರಿನ ಅಗತ್ಯ ಇರಲಿಲ್ಲ, ಆದರೂ ಹೊಡೆದೆ.

ಏಪ್ರಿಲ್ 16, ಮಂಗಳವಾರ

ಊರಿನ ಪರಿಚಯ ಪುರಸಭೆಯಲ್ಲಿ ಒಪ್ಪಿಗೆಯಾಯಿತು. ಬಾಗಿಲಿನ ಸಾಲು ಉಳಿಯಿತು. ವಿರೋಧ ಪಕ್ಷದ ಒಬ್ಬರು ಅದನ್ನು ಗಟ್ಟಿಯಾಗಿ ಓದಿದರಂತೆ, ಎಲ್ಲರೂ ಮೇಜು ತಟ್ಟಿದರಂತೆ. ರೂಬೆನ್ ತಾನೇ ಬರೆದ ಹಾಗೆ ಬೀಗುತ್ತಿದ್ದ. ಬೀಗಲಿ.

ಯೋಪಿ ಏರಿಯ ಮೇಲಿನ ವೃದ್ಧರ ಮನೆಗೆ ಹೋದರು. ಒಲೆ ಉರಿಯುತ್ತ ಬಿಟ್ಟಿದ್ದರು, ಎರಡು ಸಲ. ಲೀಸ್‌ಬೆತ್ ಮತ್ತು ಆರೆಂಡ್ ಸೇರಿ ಸಾಮಾನು ಸಾಗಿಸಿದರು. ಹಿತ್ತಾಳೆ ಫಲಕವನ್ನೂ ಬಿಚ್ಚಿ ಹೊಸ ಬಾಗಿಲಿಗೆ ಹಾಕಿದರು. ಈಗ ಆರೆಂಡ್‌ಗೆ ಆರು ಬಾಗಿಲು ಅಲ್ಲ, ಬಸ್ಸಿನಲ್ಲಿ ನಾಲ್ಕು ನಿಲ್ದಾಣ. ಐದು ಗಂಟೆಗೆ ಹೊರಡುತ್ತಾರೆ. ಚಪ್ಪಲಿ ಚೀಲದಲ್ಲಿ.

ಮೇ 7, ಮಂಗಳವಾರ

ಬೆಳಿಗ್ಗೆ ಒಂಬತ್ತರ ಮದುವೆ ಮುಗಿದಿತ್ತು. ಆರೆಂಡ್ ಹಾಲ್‌ನಲ್ಲಿ ಕೂತಿದ್ದರು. ವಿಳಾಸದ ಕೆಲಸವೇನೋ ಇತ್ತು, ಐದು ನಿಮಿಷದ್ದು. ಮುಗಿದ ಮೇಲೂ ಏಳಲಿಲ್ಲ. ಯೋಪಿ ಹೇಗಿದ್ದಾರೆ ಅಂತ ಕೇಳಿದೆ.

ಹೆಸರು ಈಗ ಬರುವುದಿಲ್ಲವಂತೆ. ಆದರೆ ಐದೂವರೆಗೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಳ್ಳುತ್ತಾರಂತೆ. ನಿನ್ನೆ ಆರೆಂಡ್ ಕೈ ಹಿಡಿದು, ನಾವಿಬ್ಬರೂ ಯಾಕೆ ಮದುವೆಯಾಗಬಾರದು ಅಂದರಂತೆ. ಈ ತಿಂಗಳಲ್ಲಿ ಇದು ಮೂರನೇ ಸಲ.

ನೀವೇನು ಹೇಳಿದಿರಿ ಅಂತ ಕೇಳಿದೆ.

ಟೋಪಿಯನ್ನು ಮೊಣಕಾಲ ಮೇಲೆ ಸುತ್ತ ತಿರುಗಿಸಿದರು. "ಬೇಡ ಅಂದೆ. ಹೀಗೇ ಚೆನ್ನಾಗಿದೆ ಅಂದೆ. ಅವಳ ಪರವಾಗಿ ಇನ್ಮೇಲೆ ನಾನೇ ಹೇಳ್ಬೇಕಲ್ಲ ಮೇಡಂ." ಆಮೇಲೆ, "ಮೊದಲ್ನೇ ಸಲ ಕಷ್ಟ ಆಯ್ತು. ಈಗ ಪರವಾಗಿಲ್ಲ" ಅಂದರು.

ಇದನ್ನು ಲೀಸ್‌ಬೆತ್‌ಗೆ ಹೇಳಬೇಕು ಅನ್ನಿಸಿತು. ಆ 'ಬೇಡ' ಕಾಯೋರು ಯಾರು ಅಂತ ಅವಳು ಆವತ್ತು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಆರೆಂಡ್‌ರನ್ನೇ ಕೇಳಿದೆ, ಅವಳಿಗೆ ಗೊತ್ತಾ ಅಂತ. ಗೊತ್ತಂತೆ. ಭಾನುವಾರಗಳಲ್ಲಿ ಈಗ ಅವಳ ಮನೆಯಲ್ಲೇ ಊಟವಂತೆ.

ಅಷ್ಟರಲ್ಲಿ ಒಂಬತ್ತು ಇಪ್ಪತ್ತರ ಜೋಡಿ ಬಂದಿತು. ಮಳೆಯಲ್ಲಿ ತೋಯ್ದಿದ್ದರು. ಹುಡುಗ ಕಾಲುವೆ ಕೆಲಸದವನು, ಹುಡುಗಿ ಬೇಕರಿಯಲ್ಲಿ, ಹುಬ್ಬಿನ ಮೇಲೆ ಇನ್ನೂ ಹಿಟ್ಟು. ಅವರ ಒಬ್ಬ ಸಾಕ್ಷಿ ಮೆಟ್ರೋ ತಪ್ಪಿಸಿಕೊಂಡಿದ್ದ. ಹೊರಗಿನವರು ಯಾರಾದರೂ ಆಗಬಹುದಾ ಅಂತ ಕೇಳಿದರು. ಆರೆಂಡ್ ಕಡೆ ನೋಡಿದೆ. ಗುರುತಿನ ಚೀಟಿ ಕೈಯಲ್ಲೇ ಇತ್ತು. ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು.

ಹುಡುಗನನ್ನು ಕೇಳಿದೆ. ಅವನು ಪ್ರಶ್ನೆ ಮುಗಿಯುವ ಮೊದಲೇ ಹೌದು ಅಂದ. ಹುಡುಗಿಯ ಕಡೆ ತಿರುಗಿದೆ. ಅವಳು ಯಾರ ಕಡೆಯೂ ನೋಡಲಿಲ್ಲ, ಅವನ ಕಡೆ ಬಿಟ್ಟು. ಆರೆಂಡ್ ಚೆನ್ನಾಗಿ ಕೇಳಿಸಲೆಂದು ಮುಂದಕ್ಕೆ ಬಾಗಿ ಕೈಯನ್ನು ಕಿವಿಗೆ ಇಟ್ಟುಕೊಂಡರು.